ಮರಳಿ ಬಾರದ ಗುಂಡು ಹುಡುಕುತ್ತಾ

ಜೂನ್ ಹನ್ನೊಂದು, ಬೆಳಿಗ್ಗೆ ಆರೂ ಇಪ್ಪತ್ತು. ನನ್ನ ಶೂಟಿಂಗ್ ಡೈರಿಯ ಪ್ರಕಾರ ಇದು ಶುರುವಾದದ್ದು ಆಗ. ಅವತ್ತು ಮೊದಲ ಸಲ ರೈಫಲಿಗೆ ಸೀಸವಿಲ್ಲದ ಪೆಲೆಟ್, ಅಂದರೆ ಚಿಕ್ಕ ಗುಂಡು, ಹಾಕಿ ಹತ್ತು ಸುತ್ತು ಹೊಡೆದೆ. ಅದರಲ್ಲಿ ಮೂರು ನನ್ನ ಕಡೆಗೇ ಮರಳಿ ಬಂದವು.

ನಾನು ಹತ್ತು ಮೀಟರ್ ಏರ್ ರೈಫಲ್ ಹೊಡೆಯುವವಳು. ಹುಟ್ಟಿ ಬೆಳೆದದ್ದು ಶ್ರೀನಗರದಲ್ಲಿ, ಮದುವೆಯಾಗಿ ಬಂದದ್ದು ಅಲ್ಲಿಂದ ಐದಾರು ಕಿಲೋಮೀಟರ್ ಆಚೆಯ ಚಿಕ್ಕಲಸಂದ್ರಕ್ಕೆ. ಗಂಡನ ಮನೆಯವರದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ವ್ಯಾಪಾರ. ಮನೆಗೆ ಅಂಟಿಕೊಂಡಿರುವ ಉದ್ದನೆಯ ಗೋಡೌನಿನ ಒಂದು ಬದಿಗೆ ಕೊಳಗ, ಕಡಾಯಿಗಳ ಸಾಲು. ಇನ್ನೊಂದು ಬದಿಗೆ ಗುರಿ ಹೊಡೆಯುವ ನನ್ನ ರೇಂಜ್. ಮದುವೆಯ ಮಾತುಕತೆಯಲ್ಲಿ ನಾನು ಕೇಳಿದ್ದು ಆ ಜಾಗ ಒಂದನ್ನೇ. ಕೊಡಿಸಿದವರು ಅತ್ತೆ. "ಸೀರೆ ಕೇಳ್ಲಿಲ್ಲ, ಒಡವೆ ಕೇಳ್ಲಿಲ್ಲ, ಗೋಡೌನ್ ಕೇಳಿದ್ಲು ನಮ್ಮ ಹುಡ್ಗಿ" ಎಂದು ನೆಂಟರ ಮುಂದೆ ಈಗಲೂ ಹೇಳಿಕೊಂಡು ನಗುತ್ತಾರೆ.

ಮಾಮೂಲಿ ಪೆಲೆಟ್ ಸೀಸದ್ದು. ಮೆತ್ತಗಿನ ಲೋಹ. ಗುರಿಯ ಕಾಗದ ಹರಿದು ಹಿಂದಿನ ಕಬ್ಬಿಣದ ತಗಡಿಗೆ ಬಡಿದರೆ ಚಪ್ಪಟೆಯಾಗಿ ಅಲ್ಲೇ ಕೆಳಗಿನ ಡಬ್ಬಕ್ಕೆ ಬೀಳುತ್ತದೆ. ವರ್ಷಗಟ್ಟಲೆ ಅದನ್ನೇ ಹೊಡೆದಿದ್ದೇನೆ. ಜಡೆ ಹಾಕುವಾಗ ಪಿನ್ನು ಕಚ್ಚಿಕೊಳ್ಳುವ ಹಾಗೆ, ರೈಫಲ್ ಸರಿಮಾಡುವಾಗ ಎರಡು ಮೂರು ಪೆಲೆಟ್ ತುಟಿಯಲ್ಲಿ ಇಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಇದನ್ನು ಹೇಳಿದಾಗ ಡಾಕ್ಟರ್ ಪೆನ್ನು ಕೆಳಗಿಟ್ಟರು. ಆಗ ನನಗೆ ನಾಲ್ಕನೇ ತಿಂಗಳು. ರಕ್ತ ಪರೀಕ್ಷೆ ಮಾಡಿಸಿದರು. ಸೀಸ ಇರಬಾರದಷ್ಟು ಇತ್ತು.

ಮಾಸ್ಕ್, ಗ್ಲೌಸ್ ಹಾಕಿಕೊಳ್ಳುತ್ತೇನೆ ಎಂದೆ.

"ಒಳಗಿರೋದು ಮಾಸ್ಕ್ ಹಾಕ್ಕೊಳಲ್ಲಮ್ಮ," ಎಂದರು ಡಾಕ್ಟರ್. "ಸೀಸ ಮುಟ್ಟಬೇಡ. ಸೀಸದ ಧೂಳು ಇರೋ ಕಡೆ ಹೋಗ್ಲೂಬೇಡ."

ಉಳಿದ ರೇಂಜುಗಳಲ್ಲೆಲ್ಲ ಸೀಸವೇ. ಹಾಗಾಗಿ ಹೋಗಲು ಬೇರೆ ಜಾಗವಿಲ್ಲ. ಆಗಸ್ಟ್ ಕೊನೆಗೆ ರಾಜ್ಯ ತಂಡದ ಆಯ್ಕೆ; ಅದು ಒಂದೇ ದಿನ, ಡಾಕ್ಟರನ್ನು ಆಗ ಹೇಗಾದರೂ ಒಪ್ಪಿಸಿದರಾಯಿತು ಎಂದುಕೊಂಡೆ. ಹಿಂದಿನ ಎರಡು ವರ್ಷವೂ ಒಂದೆರಡು ಪಾಯಿಂಟಿನಲ್ಲಿ ಕೈತಪ್ಪಿ ಹೋಗಿದೆ. ಮಗು ಹುಟ್ಟಿದ ಮೇಲೆ ಯಾರು ಬಿಡುತ್ತಾರೆ, ನನಗಾದರೂ ಎಲ್ಲಿ ಬಿಡುವಾಗುತ್ತದೆ? ಇದೊಂದೇ ವರ್ಷ ಉಳಿದಿದೆ ಎನ್ನಿಸಿತು. ಗಂಡ ಹೊರಗಿನಿಂದ ಆಳು ಕರೆಸಿ ಗೋಡೌನ್ ಪೂರ್ತಿ ಒದ್ದೆ ಬಟ್ಟೆಯಲ್ಲಿ ಒರೆಸಿಸಿ, ಹಳೆಯ ಡಬ್ಬ ತೆಗೆಸಿ ಹೊಸದನ್ನು ಇಡಿಸಿದರು. ನಾನು ತವರದ ಮಿಶ್ರಣದ ಪೆಲೆಟ್ ತರಿಸಿದೆ.

ಅದು ಹಗುರ, ಆದರೆ ಗಟ್ಟಿ. ಚಪ್ಪಟೆಯಾಗುವ ಬದಲು ಕೇರಂ ಸ್ಟ್ರೈಕರಿನಂತೆ ಪುಟಿಯುತ್ತದೆ. ಡೈರಿಯಲ್ಲಿ ಅಂಕಗಳ ಪಕ್ಕ 'ವಾಪಸ್' ಎಂದು ಹೊಸ ಕಾಲಂ ಎಳೆದೆ. ಮೂರು, ಎರಡು, ನಾಲ್ಕು, ಎರಡು. ತಗಡನ್ನು ಇನ್ನಷ್ಟು ಬಾಗಿಸಿದರೆ ಒಂದು. ಸೊನ್ನೆ ಬರಲೇ ಇಲ್ಲ. ಆ ತಿಂಗಳ ಕೊನೆಗೆ ಒಂದು ಚೂರು ಹಾರಿ ಬಂದು ಬಾಗಿಲಲ್ಲಿ ನಿಂತಿದ್ದ ಅತ್ತೆಯ ಪಕ್ಕದ ಕೊಳಗಕ್ಕೆ ಠಣ್ ಎಂದು ಬಡಿಯಿತು.

"ಏನಮ್ಮ ಅದು, ಹೊಡೆದಿದ್ದು ಅತ್ಲಾಗೆ, ಬಂದಿದ್ದು ಇತ್ಲಾಗೆ?"

ವಿಷಯ ಮುಚ್ಚಿಡಲಿಲ್ಲ. ಅತ್ತೆ ಕೊಳಗದ ಮೇಲಿನ ಗುರುತನ್ನು ಬೆರಳಿನಿಂದ ಸವರಿ ನೋಡಿದರು. ಮರಳಿ ಬರದ ಹಾಗೆ ಮಾಡಿಕೋ, ಇಲ್ಲದಿದ್ದರೆ ಹೆರಿಗೆ ಆಗುವವರೆಗೆ ಬೀಗ ಎಂದರು. ದನಿ ಏರಿಸಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಆಗ ಓದಿ ತಿಳಿದದ್ದು ಪುಡಿಯಾಗುವ ಗುಂಡಿನ ವಿಷಯ. ತಾಮ್ರ, ತವರದ ಪುಡಿಯನ್ನು ಒತ್ತಿ ಮಾಡುತ್ತಾರೆ, ಸೀಸ ಇರುವುದಿಲ್ಲ, ಕಬ್ಬಿಣಕ್ಕೆ ಬಡಿದ ಕೂಡಲೇ ಪುಡಿಪುಡಿ, ಮರಳಿ ಬರಲು ಚೂರೇ ಉಳಿಯುವುದಿಲ್ಲ. ನನಗಾಗಿಯೇ ಮಾಡಿದ ಹಾಗಿತ್ತು. ಅತ್ತೆಗೆ ವಿವರಿಸಿದೆ.

"ತಂಬಿಟ್ಟಿನ ಉಂಡೆ ಅನ್ನು," ಎಂದರು. "ಸಿಕ್ರೆ ತಗೊಂಡ್ಬಾ. ಹೊಡೆದು ಮಿಕ್ಕಿದ್ದು ನಾವು ತಿನ್ನೋಣ."

ನಗು ಬಂತು. ಆ ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಪೇಟೆಯಲ್ಲಿ ಬಂದೂಕಿನ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ನನ್ನ ಹೊಟ್ಟೆ ನೋಡಿ ಮೊದಲು ಕುರ್ಚಿ ಕೊಟ್ಟರು, ಆಮೇಲೆ ಆಸೆ ಕಿತ್ತುಕೊಂಡರು. "ಅದು ನಿಜವಾದ ಬಂದೂಕಿಗೆ ಮೇಡಂ. ಅಷ್ಟು ಸ್ಪೀಡಲ್ಲಿ ಬಡಿದ್ರೇನೆ ಪುಡಿ ಆಗೋದು. ನಿಮ್ಮ ಏರ್ ರೈಫಲ್‌ಗೆ ಆ ಸ್ಪೀಡ್ ಎಲ್ಲಿದೆ?" ಏರ್‌ಗನ್ನಿಗೂ ಹೊರದೇಶದಲ್ಲಿ ಅಂಥ ಗುಂಡುಗಳಿವೆ ಎಂದು ಓದಿದ್ದನ್ನು ಹೇಳಿದೆ. ಅವು ಕಬ್ಬಿಣದ ಪುಡಿಯವಂತೆ, ಒಳಗೆ ನಯವಾಗಿರುವ ನಳಿಕೆಗೆ ಮಾತ್ರವಂತೆ. ನನ್ನ ನಳಿಕೆಯೊಳಗೆ ಸುರುಳಿ ಗೆರೆಗಳಿವೆ, ಹಾಕಿದರೆ ಹಾಳಾಗುತ್ತವೆ ಎಂದರು. ಇನ್ನೊಂದು ಅಂಗಡಿಯಲ್ಲಿ ಕೇಳಿದೆ. ಹೊರದೇಶದ ಮೂವರು ತಯಾರಕರಿಗೆ ಮೇಲ್ ಮಾಡಿದೆ. ಒಬ್ಬರು ಮಾತ್ರ ಉತ್ತರಿಸಿದರು: ನಿಮ್ಮ ರೈಫಲ್‌ಗೆ ಸೀಸದ್ದೇ ಒಳ್ಳೆಯದು.

ಗುಂಡು ಬದಲಾಗದಿದ್ದರೆ ಗೋಡೆಯನ್ನೇ ಬದಲಿಸೋಣ ಎಂದುಕೊಂಡೆ. ಗಣೇಶನ ಮೂರ್ತಿ ಮಾಡುವವರ ಹತ್ತಿರ ಗಂಡ ಜೇಡಿಮಣ್ಣು ತಂದು, ಪೆಟ್ಟಿಗೆಗೆ ಮೆತ್ತಿ ಗುರಿಯ ಹಿಂದೆ ಇಟ್ಟರು. ಜುಲೈ ಹದಿನೇಳು: ನಲವತ್ತು ಹೊಡೆತ, ವಾಪಸ್ ಸೊನ್ನೆ. ಹದಿನೆಂಟು: ಸೊನ್ನೆ. ಹತ್ತೊಂಬತ್ತು: ಸೊನ್ನೆ. ಅಂಕವೂ ಏರುತ್ತಿತ್ತು. ಅವತ್ತು ಅತ್ತೆ ನನಗೆ ಹಾಲು ತಂದುಕೊಟ್ಟು, ಹಿಂದೆ ಕುರ್ಚಿ ಹಾಕಿಕೊಂಡು ಕೊನೆಯವರೆಗೂ ನೋಡಿದರು.

ಇಪ್ಪತ್ತರ ಬೆಳಿಗ್ಗೆಯೂ ಕೂತಿದ್ದರು. ಶೂಟಿಂಗ್ ಜಾಕೆಟ್‌ನ ಗುಂಡಿ ಆಗಲೇ ಹೊಟ್ಟೆಯ ಮೇಲೆ ಕೂರುತ್ತಿರಲಿಲ್ಲ, ತೆರೆದೇ ಹಾಕಿಕೊಂಡಿದ್ದೆ. ಇಪ್ಪತ್ತಾರನೇ ಹೊಡೆತ. ಮಣ್ಣಿನಲ್ಲಿ ಹೂತಿದ್ದ ಹಳೆಯ ಪೆಲೆಟ್‌ಗೆ ಹೊಸದು ಬಡಿದಿರಬೇಕು. ಹೊಕ್ಕುಳ ಪಕ್ಕದಲ್ಲಿ ಚುರುಕ್ ಎಂದಿತು.

ರಕ್ತ ಬಂದಿರಲಿಲ್ಲ. ಕುರ್ತಾ ಕೂಡ ಹರಿದಿರಲಿಲ್ಲ. ಎತ್ತಿ ನೋಡಿದರೆ ಸಾಸಿವೆಯಷ್ಟು ಕೆಂಪು ಚುಕ್ಕೆ. ಅತ್ತೆ ಎದ್ದು ಬಂದು ಅದರ ಮೇಲೆ ಅಂಗೈ ಇಟ್ಟು ನಿಂತರು.

"ಒಳಗೆ ಆಡ್ತಾ ಇದೆಯಾ?"

ಐದಾರು ನಿಮಿಷ ಏನೂ ತಿಳಿಯಲಿಲ್ಲ. ಅಷ್ಟು ಹೊತ್ತು ಇಬ್ಬರೂ ಹಾಗೇ ನಿಂತಿದ್ದೆವು. ಆಮೇಲೆ ಒಳಗೆ ಒದ್ದದ್ದು ಅವರ ಅಂಗೈಗೇ ಮೊದಲು ತಿಳಿಯಿತು. ಆಸ್ಪತ್ರೆಗೆ ಹೋದಾಗ ಡಾಕ್ಟರ್ ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿಯಿದೆ ಎಂದರು. ಇಷ್ಟು ಹಗುರದ ಚೂರಿನಿಂದ ಒಳಗೇನೂ ಆಗದು ಎಂದೂ ಹೇಳಿದರು. ಮನೆಗೆ ಬಂದ ಮೇಲೆ ಅತ್ತೆ ಬೈಯಲಿಲ್ಲ. ಬೀಗವನ್ನೂ ಹಾಕಲಿಲ್ಲ. ಅದನ್ನು ತಂದು ನನ್ನ ಮುಂದೆ ಇಟ್ಟರು.

"ನಾನು ಹಾಕಿದ್ರೆ ಜೀವಮಾನ ನನ್ನೇ ಅಂತೀಯ. ನೀನೇ ಹಾಕು."

ಹಾಕಿದೆ. ಈಗ ಬೀಗ ಬಿದ್ದು ಮೂರು ವಾರ, ಆಯ್ಕೆಗೆ ಇನ್ನು ಹದಿನೆಂಟು ದಿನ. ರೂಮಿನ ಗೋಡೆಗೆ ಚುಕ್ಕೆ ಅಂಟಿಸಿ ಖಾಲಿ ರೈಫಲಿನಲ್ಲಿ ಗುರಿ ಹಿಡಿಯುತ್ತೇನೆ. ಗುಂಡು ಹೊರಡದ ಅಭ್ಯಾಸದಲ್ಲಿ ತಪ್ಪಿದ್ದು ಎಷ್ಟೆಂದು ತಿಳಿಯುವುದಿಲ್ಲ. ಡೈರಿಯ ಎರಡು ಕಾಲಂಗಳೂ ಖಾಲಿ. ಕೆಲವೊಮ್ಮೆ ಬೀಗ ತೆಗೆಯಲು ಕೈ ಹೋಗುತ್ತದೆ. ಬಾಗಿಲವರೆಗೆ ಹೋಗಿ ಅಳುತ್ತಾ ಬರುತ್ತೇನೆ.

ನನ್ನಂಥ ಏರ್ ರೈಫಲಿನ ವೇಗಕ್ಕೇ ಪುಡಿಯಾಗುವ, ಸೀಸವಿಲ್ಲದ ಪೆಲೆಟ್ ಎಲ್ಲಾದರೂ ಇದೆಯೇ? ಆ ಪುಡಿ ಉಸಿರಿಗೆ ಹೋದರೆ ಏನಾಗುತ್ತದೆ? ಗಟ್ಟಿ ಪೆಲೆಟ್ ಹಿಡಿದಿಡಲು ಹಿಂದೆ ಏನು ಕಟ್ಟುತ್ತಾರೆ, ಎಷ್ಟು ಹೊಡೆತಕ್ಕೊಮ್ಮೆ ಬದಲಿಸುತ್ತಾರೆ? ಬಸಿರಿನಲ್ಲೂ ರೈಫಲ್ ಬಿಡದ ಹೆಂಗಸರು ಯಾರಾದರೂ ಇದನ್ನು ಓದುತ್ತಿದ್ದರೆ, ನೀವು ಏನು ಮಾಡಿದಿರಿ? ತಿಳಿದವರು ದಯವಿಟ್ಟು ಬರೆಯಿರಿ. ಬಿಡುವುದೇ ಸರಿ ಎನ್ನುವುದಾದರೆ ಅದನ್ನೂ ಬರೆಯಿರಿ, ಆದರೆ ಯಾಕೆಂದು ತಿಳಿಸಿ.