ಆಯಿಯ ಹಾಡಿಗೆ ಮೊದಲ ಪಾಳಿ

ಹೋದ ವರ್ಷ ಬಸವ ಜಯಂತಿಯ ಮರುದಿನ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಗೋಕಾಕದ ನಮ್ಮ ಫೋಟೊ ಸ್ಟುಡಿಯೊದ ಒಳಕೋಣೆಯಲ್ಲಿ ‘ಕೀಂ, ಕೀಂ’ ಎಂಬ ಸದ್ದು ಶುರುವಾಯಿತು. ಆಗ ನೋಡಿದ ಗೋಡೆ ಗಡಿಯಾರ ಈಗಲೂ ಕಣ್ಣ ಮುಂದಿದೆ.

ಆ ಕೋಣೆಯಲ್ಲಿ ನಾಲ್ಕು ಡಿಸ್ಕ್‌ಗಳಿರುವ ಒಂದು ಪೆಟ್ಟಿಗೆ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ, ನಮ್ಮ ಮೂರೂ ಅಂಗಡಿಗಳವರು ಚಿತ್ರೀಕರಿಸಿದ ಮದುವೆಗಳೆಲ್ಲ ಅದರಲ್ಲೇ ಇರುತ್ತವೆ. ಒಂದು ಡಿಸ್ಕ್ ಕೆಟ್ಟರೂ ಉಳಿದ ಮೂರನ್ನು ಓದಿ, ಲೆಕ್ಕ ಹಾಕಿ, ಕಳೆದುಹೋದದ್ದನ್ನು ಮತ್ತೆ ಕಟ್ಟಿಕೊಡುವ ಕಂಟ್ರೋಲರ್ ಒಳಗಿದೆ. ಎರಡನೆಯದೂ ಕೆಟ್ಟರೆ ಎಲ್ಲ ಮುಗಿದಂತೆ. ಅಣ್ಣ ಶಿವಾನಂದನದು ಕ್ಯಾಮೆರಾ, ಬಿ.ಸಿ.ಎ. ಓದಿದ ನನ್ನದು ಕಂಪ್ಯೂಟರ್. ಕೆಂಪು ದೀಪ ಹತ್ತಿದ್ದ ಡಿಸ್ಕ್ ತೆಗೆದು ಕಪಾಟಿನಲ್ಲಿದ್ದ ಹೊಸದನ್ನು ಹಾಕಿದೆ. ಭಯವೇನೂ ಆಗಲಿಲ್ಲ.

ಅಷ್ಟರಲ್ಲಿ ದಡ್ಡಿ ಎಂಬ ಊರಿನಿಂದ ಸುನಂದಾ ತನ್ನ ಅಜ್ಜಿ ಗಂಗವ್ವನನ್ನು ಕರೆದುಕೊಂಡು ಬಂದಳು. ಸುನಂದಾಳ ಮದುವೆಯಲ್ಲಿ ಗಂಗವ್ವ ಸೋಬಾನೆ ಪದ ಹಾಡಿದ್ದರು. ನಾವು ಕೊಟ್ಟ ವಿಡಿಯೊದಲ್ಲಿ ಅದು ಕೇಳಿಸುವುದಿಲ್ಲ. ಮದುವೆ ವಿಡಿಯೊಗೆ ಸಿನಿಮಾ ಹಾಡು ಹಚ್ಚುವುದು ನಮ್ಮ ಕಡೆಯ ರೂಢಿ. ಮೂಲ ಧ್ವನಿ ಆ ಪೆಟ್ಟಿಗೆಯಲ್ಲಿ ಮಾತ್ರ ಇತ್ತು. ಮದುವೆಯಾದ ಮೇಲೆ ಗಂಗವ್ವನ ಗಂಟಲಿನ ಆಪರೇಷನ್ ಆಗಿ ದನಿಯೇ ಹೋಗಿಬಿಟ್ಟಿತ್ತು.

“ಅಕ್ಕಾರ, ನಮ್ಮ ಆಯಿ ಹಾಡಿದ್ದು ಅದೊಂದ ಉಳದೈತ್ರಿ. ಕೇಳಬೇಕಂತ ಹಟಾ ಹಿಡದಾಳ” ಎಂದಳು ಸುನಂದಾ.

ಗಂಗವ್ವ ಮೊಮ್ಮಗಳ ತೋಳು ಚಿವುಟಿ ಏನೋ ಸನ್ನೆ ಮಾಡಿದರು.

“ಹಟಾ ಅಲ್ಲಂತ್ರಿ, ಆಸೆ ಅಂತ.”

ನಗುತ್ತಲೇ ಒಳಗೆ ಹೋದವಳು ಬಾಗಿಲಲ್ಲೇ ನಿಂತೆ. ಹೊಸ ಡಿಸ್ಕ್ ತುಂಬುವ ಕೆಲಸ ನಿಂತಲ್ಲೇ ನಿಂತಿತ್ತು. ಪಕ್ಕದ ಡಿಸ್ಕಿನ ದೀಪವೂ ಹಳದಿಯಾಗಿತ್ತು. ಒಳಗಿನಿಂದ ಟಿಕ್ ಟಿಕ್ ಎಂಬ ಸಪ್ಪಳ.

ಆಗಿದ್ದು ಇಷ್ಟು. ಗಾಬರಿಯಾದ ಅಣ್ಣ ಎರಡೂ ಊರಿಗೆ ಫೋನ್ ಮಾಡಿ, “ಡಿಸ್ಕ್ ಕೈ ಕೊಟ್ಟೈತಿ, ನಿಮ್ಮ ನಿಮ್ಮ ಮದವಿ ತಕ್ಕೊಂಡ ಬಿಡ್ರಿ” ಎಂದಿದ್ದ. ಅವರು ಅಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ಎಳೆಯತೊಡಗಿದ್ದರು, ತಾನೂ ಇಲ್ಲಿಂದ ಮೂರು ಕಡೆ ಕಾಪಿ ಹಚ್ಚಿದ್ದ. ಯಾರು ಏನು ಕೇಳಿದರೂ ಕಂಟ್ರೋಲರ್ ಉಳಿದ ಡಿಸ್ಕ್‌ಗಳನ್ನೆಲ್ಲ ಓದಿ, ಲೆಕ್ಕ ಹಾಕಿ ಕೊಡಬೇಕು. ಅದರ ನಡುವೆ ಹೊಸ ಡಿಸ್ಕನ್ನೂ ತುಂಬಬೇಕು. ಆ ಭಾರಕ್ಕೆ ಹಳೆಯ ಡಿಸ್ಕ್ ಏದುಸಿರು ಬಿಡುತ್ತಿತ್ತು.

“ಅಣ್ಣಾ, ಎಲ್ಲಾ ಬಂದ್ ಮಾಡ್ಸು.”

“ಹುಚ್ಚೀ, ಹಡಗ ಮುಳಗಾಕತ್ತೈತಿ, ಸಾಮಾನ ತಗೀಬ್ಯಾಡ ಅಂತೀಯಲ್ಲ!”

“ಎಲ್ಲಾರೂ ಒಮ್ಮೆಲೇ ಎಳದಾಡೂದಕ್ಕ ಮುಳಗಾಕತ್ತೈತಿ.”

ಆ ಎರಡೂ ಅಂಗಡಿಯವರನ್ನು ಒಂದೇ ಫೋನ್ ಕರೆಯಲ್ಲಿ ಕೂಡಿಸಿದೆ. ಹುಕ್ಕೇರಿಯ ಬಸು, “ಅಕ್ಕಾರ, ನಂದು ಒಂದ ಮದವಿರಿ, ಐದ ಮಿನಿಟ್” ಎಂದ.

ಮೂಡಲಗಿಯ ಈರಣ್ಣ ಬಿಡಲಿಲ್ಲ. “ಇವನ ಐದ ಮಿನಿಟ್ ಅಂದ್ರ ಸಂಜಿಮಟ್ಟ ಇರತೈತ್ರಿ. ಮೊದಲ ಅವಂದ ನಿಲ್ಲಸ್ರಿ, ಆಮ್ಯಾಲೆ ನಾನು.”

ಕಂಟ್ರೋಲರ್, ಲೆಕ್ಕ ಎಂದೆಲ್ಲ ವಿವರಿಸುವ ಹೊತ್ತು ಅದಾಗಿರಲಿಲ್ಲ. ಈರಣ್ಣ ಮಸಗುಪ್ಪಿಯ ರೈತರ ಮನೆಯವ ಎಂಬುದು ನೆನಪಾಯಿತು. “ಈರಣ್ಣಾ, ನಿಮ್ಮ ಹೊಲದಾಗ ಕರೆಂಟ್ ಬಂದ ಕೂಡ್ಲೆ ಎಲ್ಲಾರೂ ಮೋಟರ್ ಚಾಲೂ ಮಾಡಿದ್ರ ಏನಾಗತೈತಿ?”

“ಟಿ.ಸಿ. ಸುಡತೈತ್ರಿ.”

“ಇಲ್ಲೂ ಅದ ಆಗಾಕತ್ತೈತಿ. ಪಾಳಿ ಹಚ್ಚೂಣು.”

ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬೆಳೆ ಒಣಗುವವರೆಗೆ ಕಾಯಬೇಕಾಗುತ್ತದೆ ಎಂಬುದನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. “ಬಸ್ಯಾ, ಬಂದ್ ಮಾಡಲೇ!” ಎಂದು ಈರಣ್ಣನೇ ಕೂಗಿದ.

ನಾನು ನೆಟ್‌ವರ್ಕ್ ಕೇಬಲ್ ಕಿತ್ತೆ. ಅಣ್ಣ ಹಚ್ಚಿದ್ದ ಕಾಪಿ, ತನ್ನಷ್ಟಕ್ಕೇ ನಡೆಯುವ ಡಿಸ್ಕ್ ತಪಾಸಣೆ, ಎಲ್ಲವನ್ನೂ ನಿಲ್ಲಿಸಿದೆ. ಹೊಸ ಡಿಸ್ಕ್ ತುಂಬುವುದನ್ನೂ ತಡೆದೆ. ಒಂದೇ ಒಂದು ಕೆಲಸ ಕೊಡೋಣ ಎಂದುಕೊಂಡೆ.

“ಮೊದಲ ಪಾಳಿ ಯಾರದು?” ಎಂದು ಅಣ್ಣನನ್ನು ಕೇಳಿದೆ. ಆ ಸುಗ್ಗಿಯ ಮದುವೆಗಳೆಲ್ಲ ಪೆಟ್ಟಿಗೆಯಲ್ಲಿದ್ದವು, ಅಂಗಡಿಯ ಮರ್ಯಾದೆಯೂ ಇತ್ತು. ಹೊರಗೆ ಬೆಂಚಿನ ಮೇಲೆ ಗಂಗವ್ವ ಗಂಟಲ ಮೇಲೆ ಸೆರಗು ಹಿಡಿದು ಕೂತಿದ್ದರು. ಅಣ್ಣ ಅತ್ತ ನೋಡಿದ.

“ಆಯೀದು.”

ಆ ಹಾಡಿನ ಫೈಲ್ ಮಾತ್ರ ಕಾಪಿ ಹಚ್ಚಿದೆ. ಅರ್ಧಕ್ಕೆ ಬಂದು ನಿಂತಿತು. ಟಿಕ್, ಟಿಕ್. ನಾನು ಏನನ್ನೂ ಮುಟ್ಟಲಿಲ್ಲ. ಮುಟ್ಟಬೇಕೆಂದು ತುದಿಗಾಲಲ್ಲಿದ್ದ ಅಣ್ಣನ ಕೈ ಹಿಡಿದುಕೊಂಡಿದ್ದೆ. ಮತ್ತೆ ಚಲಿಸಿತು, ಮುಗಿಯಿತು. ಅದನ್ನು ಸುನಂದಾಳ ಫೋನಿಗೆ ಹಾಕಿಕೊಟ್ಟೆ. ಆಮೇಲೆ ಹೊಸ ಡಿಸ್ಕ್ ತುಂಬಲು ಬಿಟ್ಟು ಕೋಣೆಗೆ ಕೀಲಿ ಹಾಕಿದೆ. ಮರುದಿನ ಮಧ್ಯಾಹ್ನ ಹಸಿರು ದೀಪ ಹತ್ತಿತು. ಒಂದು ಮದುವೆಯೂ ಹೋಗಲಿಲ್ಲ. ಹಳದಿ ದೀಪದ ಡಿಸ್ಕನ್ನೂ ಬದಲಿಸಿದೆವು.

ಈಗ ಯಾರೂ ನೇರವಾಗಿ ಪೆಟ್ಟಿಗೆಯ ಮೇಲೆ ಕೆಲಸ ಮಾಡುವುದಿಲ್ಲ. ಎಡಿಟಿಂಗ್ ಎಲ್ಲ ಅವರವರ ಕಂಪ್ಯೂಟರಿನಲ್ಲಿ. ಪೆಟ್ಟಿಗೆಗೆ ಇಡುವುದು, ತೆಗೆಯುವುದು ಪಾಳಿಯ ಪ್ರಕಾರ. ಇನ್ನೊಂದು ಪ್ರತಿ ಅರಭಾವಿಯಲ್ಲಿರುವ ನಮ್ಮ ಮನೆಯಲ್ಲಿ. ಭಾರ ಇಳಿಸಿದರೆ ಯಂತ್ರವೂ ಬಾಳುತ್ತದೆ ಎಂದು ನಾನು ಧೈರ್ಯದಿಂದ ಹೇಳಬಲ್ಲೆ.

ಆದರೆ ಆ ದಿನದ ನಂತರ ಕೆಲವು ವಾರ ನನಗೆ ನಿದ್ದೆ ಮಾತ್ರ ಬರುತ್ತಿರಲಿಲ್ಲ. ಲಾರಿ ಹಿಂದೆ ಸರಿಯುವ ‘ಕೀಂ’ ಕೇಳಿದರೂ ಎದ್ದು ಕೂರುತ್ತಿದ್ದೆ.

ಕಾರಹುಣ್ಣಿಮೆಯ ಹೊತ್ತಿಗೆ ಅಜ್ಜಿ, ಮೊಮ್ಮಗಳು ಮತ್ತೆ ಬಂದರು. “ಅಕ್ಕಾರ, ಆಯಿ ದಿನಾ ಕೇಳ್ತಾಳ್ರಿ. ಅದರಾಗ ಒಂದು ನುಡಿ ಬಿಟ್ಟಾಳಂತ. ಅದನ್ನ ನಾ ಹಾಡಬೇಕಂತ, ನೀವು ರೆಕಾರ್ಡ್ ಮಾಡಬೇಕಂತ.”

ಬಿಟ್ಟುಹೋದ ಆ ಸಾಲುಗಳನ್ನು ಸುನಂದಾ ಹಾಡಿದಳು. ಗಂಗವ್ವ ಮೇಜಿನ ಮೇಲೆ ತಾಳ ಹಾಕುತ್ತ, ತಪ್ಪಿದಲ್ಲಿ ಅವಳ ಮೊಣಕಾಲಿಗೆ ಏಟು ಕೊಡುತ್ತ, ಸರಿಯಾಗುವವರೆಗೆ ಬಿಡಲಿಲ್ಲ.

ಅದನ್ನು ಎರಡು ಕಡೆ ಉಳಿಸಿ ಮನೆಗೆ ಹೋದೆ. ಅವತ್ತು ರಾತ್ರಿ ಯಾವ ಸದ್ದೂ ನನ್ನನ್ನು ಎಬ್ಬಿಸಲಿಲ್ಲ. “ಏಳs, ಚಾ ಆರಾಕತ್ತೈತಿ” ಎಂದು ಅವ್ವ ಅಲುಗಿಸಿದಾಗ ಬಿಸಿಲು ಹಾಸಿಗೆಗೆ ಬಂದಿತ್ತು.