ಕಾಮಣಿ ಇಳಿಸುವ ಮಾಲೆ

ಹೋದ ವಾರ ಮೆಟ್ಟಿಲ ಮೇಲೆ ಕೆಳಗಿನ ಮನೆಯ ಸಂತೋಷ ಎದುರಾದ. ಕೊರಳಲ್ಲಿ ಸಣ್ಣ ಕಡ್ಡಿಗಳನ್ನು ದಾರದಲ್ಲಿ ಕಟ್ಟಿದ ಮಾಲೆ. ಹಸಿ ಕಡ್ಡಿಯ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಿಳಿಯಿತು, ಇವನಿಗೆ ಕಾಮಾಲೆ. ನಮ್ಮ ವಿಜಯಪುರದ ಕಡೆ ಕಾಮಣಿ ಅಂತೇವೆ.

ಈ ಮಾಲೆ ನೀವು ನೋಡಿರಲಿಕ್ಕಿಲ್ಲ. ಹಾಕುವಾಗ ಕೊರಳಿಗೆ ಅಂಟಿಕೊಂಡಿರುತ್ತದೆ. ದಿನ ಹೋದಂತೆ ತಾನೇ ಉದ್ದವಾಗಿ ಎದೆ ದಾಟಿ ಇಳಿಯುತ್ತದೆ. ಮಾಲೆ ಇಳಿದಷ್ಟು ರೋಗ ಇಳಿಯಿತು ಅಂತ ಜನ ನಂಬುತ್ತಾರೆ.

ನಾವು ಮುಂಬೈ ಹತ್ತಿರದ ಕಲ್ಯಾಣದ ಚಾಳಿನಲ್ಲಿದ್ದಾಗ ನನ್ನ ಗಂಡನ ಕೊರಳಿಗೂ ಇದು ಬಿದ್ದಿತ್ತು. ಮಾರ್ಕೆಟ್ಟಿನಲ್ಲಿ ಹಮಾಲಿ ಅವರದು. ಹಗಲೆಲ್ಲ ಚೀಲ ಹೊರುವುದು, ಸಂಜೆ ಕುಡಿಯುವುದು. ಕೆಟ್ಟವರಲ್ಲ, ಆದರೆ ಹೇಳಿದ್ದು ಕೇಳುವವರಲ್ಲ. ನಾನೂ ಅಂಥವಳೇ, ಅದಕ್ಕೇ ಸಂಸಾರ ನಡೆಯಿತು.

ದವಾಖಾನೆಯ ಡಾಕ್ಟರಬಾಯಿ ಮರಾಠಿಯಲ್ಲಿ ಬೈದು ಬೈದು ಹೇಳಿದಳು. ನನಗೆ ಅಕ್ಷರ ಕಡಿಮೆ, ತಲೆಗೆ ಹೋದದ್ದು ಇಷ್ಟು. ಗಟಾರದ ಹೊಲಸು ನಳದ ನೀರಿಗೆ ಸೇರಿದರೆ ಅದರ ಜೊತೆ ವೈರಸ್ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ಲಿವರಿಗೆ. ಅದಕ್ಕೆ ತನ್ನದೊಂದು ಒಲೆ ಇಲ್ಲ, ಹಿಟ್ಟಿಲ್ಲ. ಹೊರಗೆ ಬಿದ್ದಿದ್ದರೆ ಉಣ್ಣುವುದಿಲ್ಲ, ಮರಿ ಹಾಕುವುದಿಲ್ಲ. ಲಿವರಿನ ಜೀವಕಣದೊಳಗೆ ಹೊಕ್ಕಿತೋ, ಆ ಕಣದ ಒಲೆ, ಆ ಕಣದ ಹಿಟ್ಟಿನಲ್ಲೇ ರೊಟ್ಟಿ ಬಡಿದಂತೆ ತನ್ನಂಥವನ್ನೇ ಮಾಡಿಸಿಕೊಳ್ಳುತ್ತದೆ. ಅವು ಹೊರಬಿದ್ದು ಪಕ್ಕದ ಕಣಕ್ಕೆ ಹೊಗುತ್ತವೆ. ಆಗ ಮೈಯ ಕಾವಲು ಎದ್ದು, ವೈರಸ್ ಹೊಕ್ಕ ಕಣಗಳನ್ನೇ ಹೊಡೆದುಹಾಕುತ್ತದೆ. ಆ ಬಡಿದಾಟದಲ್ಲಿ ಲಿವರ್ ಸೋತು, ಅದು ಹೊರಹಾಕಬೇಕಾದ ಹಳದಿ ಬಣ್ಣ ರಕ್ತದಲ್ಲೇ ನಿಂತು ಕಣ್ಣಿಗೇರುತ್ತದೆ. ಇದಕ್ಕೆ ಗುಳಿಗೆ ಇಲ್ಲ, ಮೈಯೇ ಓಡಿಸಬೇಕು. ಮಲಗಬೇಕು, ನೀರು ಕುದಿಸಿ ಕುಡಿಯಬೇಕು, ಸಾಬೂನು ಹಚ್ಚಿ ಕೈ ತೊಳೆಯಬೇಕು. ಈಗ ಸೆರೆ ಮುಟ್ಟಿದರೆ ಸೋತ ಲಿವರ್ ಪೂರಾ ಕೈಬಿಡುತ್ತದೆ.

ನನ್ನ ಗಂಡ ಕೇಳಿದ್ದು ಮಾಲೆಯ ಮಾತು. ಬಿರುಬಿಸಿಲಿನ ದಿನಗಳು. ಕಡ್ಡಿ ಒಣಗಿ ಸಣ್ಣಗಾದವು, ದಾರ ಸಡಿಲಾಯಿತು, ಮಾಲೆ ಸರಸರ ಹೊಕ್ಕಳಿಗೆ ಬಂತು. ಕಣ್ಣು ಮಾತ್ರ ಅರಿಷಿಣದ ಕೊಂಬು.

"ನೋಡು, ಇಳೀತು. ನಾಳಿ ಮಾರ್ಕೆಟ್ಟಿಗೆ ಹೋಗ್ತೀನಿ."

"ಕನ್ನಡ್ಯಾಗ ಕಣ್ಣ ನೋಡ್ಕೋರಿ."

"ಕಣ್ಣಿಗೇನ ತಿಳೀತದ? ಮಾಲಿ ಸುಳ್ಳ ಹೇಳ್ತದೇನು?"

ಹೋದರೆ ಕುಡಿದೇ ಬರುವವರು. ಈಗ ಕುಡಿದರೆ ನಾನು ತಾಳಿ ಕಳೆದುಕೊಂಡ ರಂಡೆ. ಮಧ್ಯಾಹ್ನ ಅವರಿಗೆ ನಿದ್ದೆ ಹತ್ತಿದಾಗ ಬೆನ್ನ ಕಡೆಯಿಂದ ದಾರ ಮಡಿಚಿ ಗಂಟು ಹಾಕಿದೆ. ಎದ್ದು ನೋಡಿಕೊಂಡರು, ಮಾಲೆ ಎದೆಯ ಮೇಲೆ. ರೋಗ ಮತ್ತೆ ಏರಿತು ಅಂದುಕೊಂಡು ತಿರುಗಿ ಮಲಗಿದರು. ಕಣ್ಣು ಬೆಳ್ಳಗಾಗುವ ತನಕ ಗಂಟು ಹಾಕುತ್ತ ಹೋದೆ, ಆಮೇಲೆ ಒಂದೊಂದೇ ಬಿಚ್ಚಿದೆ. ಮಾಲೆ ಕಟ್ಟಿಕೊಟ್ಟವಳ ಕೈಗುಣ ಭಾಳ ಛಲೋ ಅಂತ ಮುದುಕರಾದ ಮೇಲೂ ಹೊಗಳುತ್ತಿದ್ದರು. ನಾನು ಹ್ಞೂಂ ಅನ್ನುತ್ತಿದ್ದೆ.

ಇವತ್ತು ಸಂತೋಷನ ಹೆಂಡತಿ ರೇಖಾ ಮೇಲೆ ಬಂದಳು. "ಆಯಿ, ಮಾಲಿ ಹೊಕ್ಕಳ ದಾಟೇದ. ನಾಳಿ ಸೀವುಡ್ಸ್‌ನ ಬಿಲ್ಡಿಂಗ್ ಸೈಟಿಗೆ ಕೆಲಸಕ್ಕ ಹೋಗ್ತೀನಿ ಅಂತಾರ. ನೀವರ ಹೇಳ್ರಿ."

ಹೋಗಿ ಅವನನ್ನು ಕಿಟಕಿಯ ಬೆಳಕಿಗೆ ಕರೆದೆ. ಕಣ್ಣು ಹಳದಿಯೇ. ಅವನು ಮಲಗುವ ತನಕ ಕಾಯೋಣ ಎಂದುಕೊಂಡೆ. ಆದರೆ ಈಗಿನ ಹುಡುಗರು ಮೊಬೈಲ್ ಬಿಟ್ಟು ಯಾವಾಗ ಮಲಗುತ್ತಾರೆ? ಅವನ ಎದುರಿಗೇ ದಾರ ಮಡಿಚಿ ಗಂಟು ಬಿಗಿದೆ.

"ಈಗ ಎಲ್ಲಿಗೆ ಬಂತು?"

"ಎದಿ ಮ್ಯಾಲ."

"ಹಂಗಾದ್ರ ರೋಗ ಹೆಚ್ಚಾತೇನು?"

ಗಂಟು ಬಿಚ್ಚಿ ಮಾಲೆ ಜಗ್ಗಿದೆ, ತೊಡೆಗೆ ಬಂತು. "ಈಗ ಆರಾಮಾತೇನು?"

ರೇಖಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ಮೊಬೈಲ್ ತೆಗೆದು ಅದರಲ್ಲೇ ತನ್ನ ಕಣ್ಣು ನೋಡಿಕೊಂಡ. ಆಮೇಲೆ ಸೈಟಿನಲ್ಲಿ ಕೆಲಸ ಹಚ್ಚುವ ಮುಕಾದಮನಿಗೆ ಫೋನ್ ಹಚ್ಚಿದ. ಕಣ್ಣು ಇನ್ನೂ ಹಳದಿ ಇದೆ ಸೇಠ್, ನಾಳೆ ಬರೋದಿಲ್ಲ ಅಂತ ಹಿಂದಿಯಲ್ಲಿ ಹೇಳಿದ. ಮಾಲೆಯ ಸುದ್ದಿ ಎತ್ತಲಿಲ್ಲ.