ಬೆವತ ಕಬ್ಬು

ಮುಧೋಳದ ಕಡಿ ಒಂದು ಸಕ್ಕರಿ ಕಾರ್ಖಾನಿ ಅಂಗಳದಾಗ ಕಬ್ಬಿನ ಬಂಡಿಗೆ ಸರತಿ ಹಚ್ಚಾವ ನಾನು. ನಾ ಕೆಮ್ಮಿದ್ರ ಜಮಖಂಡಿ ಪ್ಯಾಟ್ಯಾಗಿನ ಎತ್ತೂ ನಿಲ್ಲತಿದ್ವು.

ಒಂದಿನ ಕಂಪ್ಯೂಟರ್ ಕಂಪನಿ ಹುಡುಗಿ ಬಂದ್ಲು. ಯಾವ ಬಂಡಿ ಎಷ್ಟೊತ್ತು ನಿಂತೈತಿ, ಯಾವ್ದನ್ನ ಮೊದಲ ನುರಸಬೇಕು ಅಂತ ಪರದೆ ಮ್ಯಾಲ ತೋರ್ಸೋ ವ್ಯವಸ್ಥಾ ಮಾರಾಕ ಬಂದಿದ್ಲು. "ಅದರಿಂದ ಏನು ಉಳೀತೈತಿ ಸಂಜಿಕ ತೋರ್ಸು, ಇಲ್ಲಾಂದ್ರ ಗಂಟು ಕಟ್ಟು" ಅಂದಿದ್ರಂತ ಚೇರ್ಮನ್ನರು. ಅದು ಆಕಿ ಮೊದಲನೇ ಕೆಲಸ. ಮುಖ ಬಾಡಿತ್ತು.

"ಅಜ್ಜಾರ, ತೂಗಿ ತಗೊಂಡ ಕಬ್ಬು ಬಿಸಲಾಗ ಒಣಗಿದ್ರ ಲುಕ್ಸಾನ ಕಾರ್ಖಾನಿದ ಹೌದಿಲ್ರಿ? ಒಂದು ಬಂಡಿ ಈಗ ತೂಗೂಣು, ಸಂಜಿಕ ಮತ್ತ ತೂಗೂಣು."

"ಅರ್ಧಕ್ಕರ್ಧ ಹಾರಿ ಹೋಗತೈತಿ ತಂಗಿ!" ಅಂದೆ.

ಆಕಿ ಚಾ ಕುಡ್ಯಾಕ ಹೋದಾಗ, ಪಾಪ ಗೆಲ್ಲಲಿ ಅಂತ ತೂಗಬೇಕಾದ ಬಂಡಿ ಮ್ಯಾಲ ಕೊಡಗಟ್ಟಲೆ ನೀರು ಸುರುವಿದೆ. ಮೊದಲ ತೂಕ ಹೆಚ್ಚಾದ್ರ ಸಂಜಿಕ ಇಳಿಯೂದೂ ಹೆಚ್ಚಲ್ಲ?

ಆಕಿ ಬಂದು ಗಾಲಿ ಕೆಳಗ ನೋಡಿದ್ಲು. "ಅಜ್ಜಾ, ಇದೇನಿದು?"

"ಕಬ್ಬು ಬೆವತೈತವಾ."

ನಗ್ಕೋತ ಬ್ಯಾರೆ ಬಂಡಿ ತೂಗಿಸಿದ್ಲು. ಸಂಜಿಕ ಇಳಿದದ್ದು ಒಂದು ಹೊರಿ ಕಬ್ಬಿನಷ್ಟ. ಚೇರ್ಮನ್ನರ ಖೋಲಿಗೆ ನಾನೂ ಹೋದೆ, ನಾ ಇಲ್ಲದ ಆಕಿ ಹೆಂಗ ಗೆದ್ದಾಳು?

"ಇಷ್ಟ ಏನವಾ?" ಅಂದ್ರು ಅವರು.

"ಇದು ಒಂದ ಬಂಡೀದ್ರಿ" ಅಂದು ಆಕಿ ಕಿಡಕಿ ತೆರದ್ಲು. ಬಂಡಿ ಸಾಲು ಕಣ್ಣು ಹಾಯುತನಕ ನಿಂತಿತ್ತು. ಚೇರ್ಮನ್ನರು ಖರೀದಿ ಕಾಗದಕ್ಕ ಸಹಿ ಹಾಕಿದ್ರು.

ಈಗ ಎಲ್ಲಾರೂ ಆಕಿ ಖರೆ ಲೆಕ್ಕಾನ ಹೊಗಳ್ತಾರ. ಹೊಗಳ್ಲಿ. ಆದ್ರ ಆಕಿಗೆ ಖರೆ ದಾರಿ ಹಚ್ಚಿದಾವ ಯಾರು ಅಂತ ಒಬ್ಬರರ ಕೇಳ್ಯಾರೇನು?